ಅಂಕಿ ಹೇಳಿ ಟೀ ಕುಡಿದದ್ದು

ಆರು ವರ್ಷ ನಾನು ಬೆಂಗಳೂರಿನ ಒಂದು ಕಂಪನಿಗೆ ಕಾಂಟ್ರಾಕ್ಟಿನ ಮೇಲೆ ಪ್ರೋಗ್ರಾಂ ಬರೆದೆ. ಬರೆದದ್ದು ಅಲ್ಲಿನ ನೌಕರರ ಸಂಬಳ ಲೆಕ್ಕ ಹಾಕುವ ಪ್ರೋಗ್ರಾಂ. ಮೂಲ ವೇತನ, ಮನೆ ಬಾಡಿಗೆ ಭತ್ಯೆ, ಪಿ.ಎಫ್., ಗಳಿಕೆ ರಜೆ, ಎಲ್ಲದರ ಲೆಕ್ಕವೂ ನನಗೆ ಬಾಯಿಪಾಠ; ಅದರಲ್ಲಿ ಒಂದೂ ನನಗಿರಲಿಲ್ಲ. ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ನಾನೇ ಒಬ್ಬ ಸುಳ್ಳು ನೌಕರನನ್ನು ಹುಟ್ಟಿಸಿಟ್ಟಿದ್ದೆ. ಅವನಿಗೆ ಪಿ.ಎಫ್. ಇತ್ತು, ರಜೆ ಇತ್ತು, ಹಬ್ಬಕ್ಕೆ ಬೋನಸ್ಸೂ ಇತ್ತು. ನನಗೆ ಜ್ವರ ಬಂದರೆ ಆ ದಿನದ ದುಡ್ಡು ಇಲ್ಲ.

ವಾರಕ್ಕೆ ಎರಡು ದಿನ ಬಂಗಾರಪೇಟೆಯಲ್ಲಿ ರೈಲು ಹತ್ತಿ ಆಫೀಸಿಗೆ ಹೋಗುತ್ತಿದ್ದೆ. ಉಳಿದ ದಿನ ಉರಿಗಾಂ ಊರಿನ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು, ಅದರ ಬಾಗಿಲಲ್ಲಿ ಅಪ್ಪನ ಕುರ್ಚಿ. ಅಪ್ಪ ಇಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, ಯೂನಿಯನ್ ಕಮಿಟಿಯಲ್ಲಿದ್ದವರು. ಅವರ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ, ಪರ್ಮನೆಂಟು ಮತ್ತು ಕಾಂಟ್ರಾಕ್ಟು. ನಲವತ್ತೇಳಾದರೂ ಮಗ ಎರಡನೆಯ ಬಗೆಯಲ್ಲೇ ಉಳಿದದ್ದು ಅವರಿಗೆ ಮಂಡಿನೋವಿನಂತೆ, ದಿನವೂ ಒಮ್ಮೆ ನೆನಪಾಗುತ್ತಿತ್ತು.

"ಏನ್ಲಾ, ಇನ್ನೂ ಗೇಟಿನಾಚೇನೇ ನಿಂತಿದೀಯ?"

ಕೊನೆಗೆ ಕಂಪನಿಯೇ ಖಾಯಂ ಮಾಡಿಕೊಳ್ಳುತ್ತೇವೆ ಎಂದಿತು. ಎಷ್ಟು ಸಂಬಳ ಬೇಕೋ ಬರೆದು ಕಳಿಸಬೇಕಂತೆ. ಮೂರು ದಿನ ನನಗೆ ಊಟ ಸೇರಲಿಲ್ಲ. ಜಾಸ್ತಿ ಕೇಳಿದರೆ ಬೇಡ ಅಂದಾರು, ಇರುವ ಕಾಂಟ್ರಾಕ್ಟೂ ಹೋದೀತು, ಈ ವಯಸ್ಸಿನಲ್ಲಿ ಇನ್ಯಾರು ಕರೆಯುತ್ತಾರೆ? ಕಮ್ಮಿ ಕೇಳಿದರೆ ನಿವೃತ್ತಿಯವರೆಗೂ ಆ ಕಮ್ಮಿಯೇ ಗತಿ. ಕೊನೆಗೆ ಧೈರ್ಯ ಮಾಡಿ ಒಂದು ಲಕ್ಷದ ಹತ್ತು ಸಾವಿರ ಎಂದು ಬರೆದು, ಕಣ್ಣು ಮುಚ್ಚಿ ಕಳಿಸಿಬಿಟ್ಟೆ.

ಮಧ್ಯಾಹ್ನ ಎಚ್.ಆರ್. ಮೇಡಂ ಫೋನ್ ಮಾಡಿದರು. ನಗು ತಡೆಯಲು ಪಾಡುಪಡುತ್ತಿದ್ದರು.

"ಸರ್, ನೀವು ಕೇಳಿರೋದು ಸಂಬಳಾನೋ, ಕಳಿಸಿರೋದು ಕೊಟೇಷನ್ನೋ? 'ಜಿಎಸ್‌ಟಿ ಪ್ರತ್ಯೇಕ, ಬಿಲ್ ತಲುಪಿದ ಮೂವತ್ತು ದಿನದೊಳಗೆ ಪಾವತಿಸುವುದು' ಅಂತ ಬರೆದಿದೀರಲ್ಲ!"

ಆರು ವರ್ಷದ ಅಭ್ಯಾಸ. ಅಂಕಿ ಬರೆದರೆ ಬೆರಳು ತಾನಾಗಿ ಆ ಎರಡು ಸಾಲನ್ನೂ ಸೇರಿಸುತ್ತದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದೇ ಉಸಿರಿನಲ್ಲಿ ಅವರು, "ನಾವು ಎಲ್ಲ ಸೇರಿ ಎಂಬತ್ತೈದು ಅಂದ್ಕೊಂಡಿದೀವಿ ಸರ್. ನಾಳೆ ಹನ್ನೊಂದಕ್ಕೆ ಫೋನ್ ಮಾಡ್ತೀನಿ, ಯೋಚ್ನೆ ಮಾಡಿ" ಎಂದರು.

"ಎಷ್ಟಂತೆ?" ಅಂದರು ಅಪ್ಪ.

"ಎಂಬತ್ತೈದು."

"ನೀನೇನಂದೆ?"

"ಥ್ಯಾಂಕ್ಸ್ ಅಂದೆ."

ಸ್ಟ್ರೈಕಿನ ದಿನ ಗೇಟು ದಾಟಿ ಒಳಹೋದವನನ್ನು ನೋಡುವಂತೆ ಅಪ್ಪ ನನ್ನನ್ನು ನೋಡಿದರು.

"ನಾವು ಮ್ಯಾನೇಜ್‌ಮೆಂಟ್ ಮುಂದೆ ಕುಂತಾಗ ಏನ್ ಮಾಡ್ತಿದ್ವಿ ಗೊತ್ತೇನ್ಲಾ? ಅಂಕಿ ಯೋಳೋದು, ಟೀ ಎತ್ಕೊಳ್ಳೋದು. ಗ್ಲಾಸು ಖಾಲಿ ಆಗೋಗಂಟ ಒಬ್ನೂ ಬಾಯಿ ಬಿಡಂಗಿಲ್ಲ. ಸುಮ್ನಿರಕ್ಕಾಗ್ದೆ ಅವ್ರೇ ಇನ್ನೊಂದು ಅಂಕಿ ಯೋಳ್ತಿದ್ರು."

"ಇದು ಫೋನಪ್ಪ. ಟೀ ಅವ್ರಿಗೆ ಕಾಣ್ಸಲ್ಲ."

"ನಿಂಗೆ ಕಾಣ್ಸ್ತದಲ್ಲ, ಸಾಕು."

ಮರುದಿನ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹೆಂಡತಿ ನೀರು ಕುಡಿಯುವ ದೊಡ್ಡ ಸ್ಟೀಲ್ ಲೋಟದ ತುಂಬ ಟೀ ತಂದಿಟ್ಟಳು. ನನ್ನನ್ನು ಚೆನ್ನಾಗಿ ಬಲ್ಲವಳು. "ಒಂದೇ ಗುಟುಕ್ಗೆ ಮುಗ್ಸ್‌ಬಿಟ್ಟೀರ ಮತ್ತೆ" ಎಂದು ಬಾಗಿಲ ಬಳಿ ನಿಂತಳು.

ಫೋನ್ ಬಂತು. ಪಕ್ಕದಲ್ಲಿ ಕೂತ ಅಪ್ಪನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ರಾತ್ರಿಯೆಲ್ಲ ಉರುಹೊಡೆದದ್ದನ್ನು ಒಪ್ಪಿಸಿದೆ.

"ಮೇಡಂ, ನಿಮ್ಮ ಎಂಬತ್ತೈದ್ರಲ್ಲಿ ಕಂಪನಿ ಕಟ್ಟೋ ಪಿ.ಎಫ್. ಪಾಲೂ ಸೇರಿದೆ, ಇನ್ಶೂರೆನ್ಸ್ ಕಂತೂ ಸೇರಿದೆ. ಅದೆಲ್ಲ ಕಳೆದ್ರೆ, ಈಗ ತಿಂಗಳಿಗೆ ಬರೋ ತೊಂಬತ್ತಕ್ಕಿಂತ ಎಷ್ಟೋ ಕೆಳಗೆ ಹೋಗ್ತೀನಿ. ಆ ಲೆಕ್ಕ ಬರೆದವನೇ ನಾನು. ಆರು ವರ್ಷದಲ್ಲಿ ಒಂದು ತಿಂಗಳೂ ನಿಮ್ಮಲ್ಲಿ ಯಾರ ಸಂಬಳಾನೂ ತಪ್ಪಿಲ್ಲ. ಒಂದು ಲಕ್ಷದ ಹತ್ತು ಸಾವಿರ."

ಲೋಟ ಎತ್ತಿದೆ. ಆ ಕಡೆ ಮೌನ. ಮಾಮೂಲಿಯಾಗಿ ಇಂಥ ಹೊತ್ತಿನಲ್ಲಿ ನಾನೇ ಇಳಿಯುತ್ತೇನೆ: ಒಂದು ಲಕ್ಷವಾದರೂ ಪರವಾಗಿಲ್ಲ, ತೊಂಬತ್ತೈದಾದರೂ ನಡೆಯುತ್ತದೆ, ನಿಮಗೆ ತೊಂದರೆಯಾಗುವುದಾದರೆ ಬಿಡಿ. ಆ ಮಾತೆಲ್ಲ ನಾಲಗೆಯವರೆಗೆ ಬಂತು. ಆದರೆ ನಾಲಗೆಯ ಮೇಲೆ ಕುದಿಯುವ ಟೀ ಇತ್ತು.

"ಸರ್, ಲೈನಲ್ಲಿದೀರಾ?"

"ಹ್ಞೂಂ," ಎಂದೆ. ಬಾಯಿ ತುಂಬಿದವನಿಗೆ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ.

ಒಂದು ನಿಮಿಷ ಎಂದು ಮೇಡಂ ಯಾರನ್ನೋ ಕೇಳಿ ಬಂದರು. "ಒಂದು ಲಕ್ಷದ ಐದು. ಅದರ ಮೇಲೆ ನಿಜವಾಗ್ಲೂ ಆಗಲ್ಲ ಸರ್."

ಅಪ್ಪನ ಮುಖ ನೋಡಿದೆ. ಅವರು ಲೋಟದೊಳಗೆ ಇಣುಕಿ, ಇನ್ನೂ ಅರ್ಧ ಉಳಿದಿದ್ದಕ್ಕೆ ಸ್ವಲ್ಪ ಯೋಚಿಸಿ, ತಲೆಯಾಡಿಸಿದರು.

"ಆಗಲಿ ಮೇಡಂ."

"ಜಿಎಸ್‌ಟಿ ಇಲ್ಲ ತಾನೇ ಸರ್?"

ಮೊದಲ ತಿಂಗಳು ಪಟ್ಟಿಯಲ್ಲಿ ಆ ಸುಳ್ಳು ನೌಕರನ ಕೆಳಗೆ ನನ್ನ ಹೆಸರು ಬಂತು. ನಾನೇ ಬರೆದ ಪ್ರೋಗ್ರಾಮನ್ನು ನಂಬದೆ ಮೂರು ಸಲ ಕಾಗದದ ಮೇಲೆ ಕೂಡಿ ಕಳೆದು ನೋಡಿದೆ. ಸರಿಯಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಪ್ರಿಂಟ್ ತೆಗೆಸಿ ತಂದು ಅಪ್ಪನ ಕೈಗೆ ಕೊಟ್ಟೆ. ಅವರು ಬಂದ ಮೊತ್ತವನ್ನು ನೋಡಲೇ ಇಲ್ಲ. ಕನ್ನಡಕ ಏರಿಸಿ, ಕಡಿತದ ಕಡೆ ಬೆರಳಿಟ್ಟರು.

"ಪಿ.ಎಫ್. ಇಡ್ಕೊಂಡವ್ರೆ ಕಣ್ಲಾ!"

ದುಡ್ಡು ಹಿಡಿದುಕೊಂಡದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಸ್ಲಿಪ್ಪನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡು ಎದ್ದರು. "ಒಸಿ ಟೀ ಅಂಗ್ಡಿ ಗಂಟ ಓಗ್ಬತ್ತೀನಿ."

ಆ ಸ್ಲಿಪ್ಪಿನ ಕೊನೆಯಲ್ಲಿ 'ವೇತನದ ವಿವರ ಗೋಪ್ಯ, ಯಾರಿಗೂ ತೋರಿಸತಕ್ಕದ್ದಲ್ಲ' ಎಂಬ ಸಾಲಿದೆ. ಅದನ್ನು ಅಲ್ಲಿ ಸೇರಿಸಿದವನೂ ನಾನೇ. ಅಪ್ಪ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಬೀದಿಯ ತಿರುವಿನವರೆಗೆ ಹೋಗುವುದನ್ನು ನೋಡುತ್ತ ನಿಂತೆ. ಕರೆಯಲಿಲ್ಲ.