ಗೇಟಿನಲ್ಲಿ ಕೂತು ಎಣಿಸಿದ್ದು

ಮೊನ್ನೆ ರಸೆಲ್ ಮಾರುಕಟ್ಟೆಯಲ್ಲಿ ಹೂವು ಕೊಳ್ಳುತ್ತಿದ್ದಾಗ ಪಕ್ಕದ ಅಂಗಡಿಯಿಂದ ‘ಟಿಕ್’ ಎಂಬ ಸದ್ದು ಕೇಳಿತು. ಅಂಗಡಿಯ ಹಿರಿಯರು ಮುಷ್ಟಿಯೊಳಗೆ ಪುಟ್ಟ ಯಂತ್ರ ಹಿಡಿದು ಜಪ ಎಣಿಸುತ್ತಿದ್ದರು. ನನ್ನ ಹೆಬ್ಬೆರಳು ತಾನಾಗಿಯೇ ಮಡಚಿಕೊಂಡಿತು. ನಗಬೇಡಿ, ಒಂದು ಕಾಲದಲ್ಲಿ ಅದಕ್ಕೆ ಅದೇ ಉದ್ಯೋಗವಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ, ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಮ್ಮನ ಕಣ್ಣಿಗೆ ಬೀಳದಂತೆ ಓಡಾಡಿಕೊಂಡಿದ್ದೆ. ಆಗಲೇ ಹತ್ತಿರದ ಬಡಾವಣೆಯ ಪಾರ್ಕ್ ಸಮಿತಿಗೆ ಒಂದು ಪ್ರಶ್ನೆ ಹುಟ್ಟಿತು. ರಜೆಯ ದಿನ ಪಾರ್ಕಿಗೆ ಯಾರಾದರೂ ಬರುತ್ತಾರೆಯೇ? ಬರದಿದ್ದರೆ ಗೇಟಿಗೆ ಬೀಗ ಹಾಕಿ ಮಾಲಿಗೂ ರಜೆ ಕೊಡಬಹುದು. ಸಮಿತಿಯ ಅಧ್ಯಕ್ಷರು ಅಪ್ಪನ ಸ್ನೇಹಿತರು, ನಿವೃತ್ತ ಅಧಿಕಾರಿ. “ಸ್ಟ್ಯಾಟಿಸ್ಟಿಕ್ಸ್ ಓದಿದೀಯಲ್ಲಮ್ಮಾ, ಮೂರು ತಿಂಗಳು ಡೇಟಾ ಕಲೆಕ್ಟ್ ಮಾಡ್ಕೊಡು” ಎಂದು ಎಣಿಸುವ ಯಂತ್ರವೊಂದನ್ನು ಕೈಗಿಟ್ಟರು.

ಪಾರ್ಕಿಗೆ ಬೆನ್ನು, ರಸ್ತೆಗೆ ಮುಖ ಮಾಡಿ ಗೇಟಿನಲ್ಲಿ ಕುರ್ಚಿ ಹಾಕಿಕೊಂಡೆ. ತಲೆಗೆ ಅಪ್ಪನ ಟೋಪಿ, ತೊಡೆಯ ಮೇಲೆ ರಟ್ಟಿಗೆ ಸಿಕ್ಕಿಸಿದ ಹಾಳೆ. ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಸಂದೇಹಗಳು ಬಂದವು. ಕಂಕುಳಿನ ಕೂಸು ಒಬ್ಬರೋ, ಅರ್ಧವೋ? ಸಿಗರೇಟಿಗೆಂದು ಮೂರು ಸಲ ಹೊರಹೋಗಿ ಬರುವ ಮೇಷ್ಟ್ರು ಮೂವರೋ? ಒಂದು ದಿನ ನಾಯಿಗೂ ಟಿಕ್ ಒತ್ತಿಬಿಟ್ಟು ಗಂಟೆಗಟ್ಟಲೆ ಪಾಪಪ್ರಜ್ಞೆಯಿಂದ ನರಳಿದೆ.

ಎಣಿಕೆಯಿಂದ ಬರೆದ ನಕ್ಷೆ ಮಾತ್ರ ಚೆನ್ನಾಗಿ ಬಂದಿತ್ತು. ವಾಕಿಂಗಿನವರಿಂದಾಗಿ ವಾರವಿಡೀ ಏರುತ್ತಿದ್ದ ಗೆರೆ ಭಾನುವಾರ, ಹಬ್ಬ ಬಂದರೆ ಮಲಗಿಬಿಡುತ್ತಿತ್ತು. ‘ರಜೆಯಲ್ಲಿ ಜನ ನೆಂಟರ ಮನೆಗೆ ಹೋಗುತ್ತಾರೆ, ಪಾರ್ಕು ಬೇಕಿಲ್ಲ’ ಎಂದು ತೀರ್ಮಾನವನ್ನೂ ಬರೆದಿಟ್ಟುಕೊಂಡೆ.

ಕೊನೆಯ ಎಣಿಕೆ ಆಯುಧಪೂಜೆಯ ಮರುದಿನ. ಮಧ್ಯಾಹ್ನದವರೆಗೆ ಬೆರಳೆಣಿಕೆಯ ಮಂದಿ. ಬಾಯಾರಿತೆಂದು ಒಳಗಿನ ನಲ್ಲಿಯನ್ನು ಹುಡುಕಿಕೊಂಡು ಹೋದೆ. ಬಿದಿರು ಮೆಳೆಯ ಆಚೆ ನೋಡಿದರೆ ಜಾತ್ರೆ! ಹೊಂಗೆಮರಗಳ ಕೆಳಗೆ ಚಾದರ ಹಾಸಿ, ಬುತ್ತಿ ಬಿಚ್ಚಿ ಸಂಸಾರ ಸಂಸಾರವೇ ಕೂತಿತ್ತು. ಉಯ್ಯಾಲೆಗೆ ಮಕ್ಕಳ ಸಾಲು. ಇದು ಮಾಲಿಗೆ ಗೊತ್ತಿತ್ತಂತೆ. ಅವನನ್ನು ಯಾರೂ ಕೇಳಿರಲಿಲ್ಲ.

ಬಸಮ್ಮ ಎಂಬ ಹೆಂಗಸು ನೀರು ಕೊಟ್ಟಳು. ರಾಯಚೂರಿನ ಕಡೆಯವಳು, ಬಡಾವಣೆಯ ಹಿಂದಿನ ಹಳ್ಳಿಯ ಬಾಡಿಗೆ ಕೋಣೆಯಲ್ಲಿ ಆರು ಮಂದಿಯೊಡನೆ ಇದ್ದಳು.

“ನೀವೆಲ್ಲಾ ಎಲ್ಲಿಂದ ಬಂದ್ರಿ?”

“ಆ ಕಡೆ ತಂತಿಬೇಲಿ ಹರದೈತಲ್ರಿ ಅಕ್ಕಾರ, ಅಲ್ಲಿಂದ.”

“ಗೇಟಿಂದ ಬರಬಹುದಲ್ಲಾ?”

“ಮೊದಲು ಗೇಟಿನಿಂದನ ಬರ್ತಿದ್ವಿ. ಈಗ ನೀವು ಹಾಳಿ ಹಿಡ್ಕೊಂಡು ಕುಂತಿರ್ತೀರಲ್ರಿ. ಹೆಸರು ಬರ್ಕೊಂಡು ಹೊರಗ ಹಾಕ್ತಾರಂತ ನಮ್ಮ ಮಂದಿ ಹೆದರ್ಯಾರ.”

ನನ್ನ ಗೆರೆಯನ್ನು ಮಲಗಿಸಿದವಳು ನಾನೇ!

“ಬೇಲಿ ವಿಷಯ ಬರೀಬ್ಯಾಡ್ರಿ. ಬರದ್ರ ಹೊಲದು ಮುಚ್ತಾರ.”

“ಬರೀದಿದ್ರೆ ರಜಾ ದಿನ ಗೇಟಿಗೇ ಬೀಗ ಬೀಳುತ್ತೆ, ಬಸಮ್ಮಾ.” ಎಣಿಕೆ ಏಕೆಂದು ವಿವರಿಸಿದೆ.

ಅವಳು ಸೆರಗು ಬಿಗಿದು ಎದ್ದಳು. “ಏಳ್ರಿ ಎಲ್ಲಾರೂ! ಗೇಟಿನಿಂದ ಬರೋಣು!”

ಊಟ ಅಲ್ಲಲ್ಲೇ ಬಿಟ್ಟು ಎಲ್ಲರೂ ಬೇಲಿಯಿಂದ ಹೊರಬಿದ್ದು, ಬಡಾವಣೆ ಸುತ್ತಿ, ಗೇಟಿಗೆ ಬಂದರು. ನಾನು ಓಡಿಹೋಗಿ ಕುರ್ಚಿ ಹಿಡಿದಿದ್ದೆ. ಟಿಕ್, ಟಿಕ್, ಟಿಕ್. ಬಸಮ್ಮ ಪಕ್ಕದಲ್ಲೇ ನಿಂತು, “ಕೂಸನ್ನೂ ಹಿಡೀರಿ, ಅದೂ ಮನಷಾನ ಐತಿ” ಎಂದಳು. ಅಷ್ಟರಲ್ಲಿ ಅಧ್ಯಕ್ಷರು ಹೊಸ ಪಂಚೆಯುಟ್ಟು ಅತ್ತ ಬಂದವರು ದಂಗಾಗಿ ನಿಂತರು.

“ಯಾರಮ್ಮಾ ಇವ್ರೆಲ್ಲಾ?”

“ವಿಸಿಟರ್ಸ್ ಸಾರ್.”

ನಕ್ಷೆ ಹರಿದೆ. ನಾನು ಕೂತದ್ದಕ್ಕೇ ಜನ ಹೆದರಿದ್ದರು, ಹಿಂದಿನ ರಜೆಗಳ ಎಣಿಕೆ ನಂಬಬೇಡಿ ಎಂದು ವರದಿಯಲ್ಲಿ ಬರೆದೆ. ಬೇಲಿಯನ್ನೂ ಬರೆದೆ. ಸಭೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಕೊನೆಗೆ ಅಧ್ಯಕ್ಷರೇ, “ನಾನೇ ಕಣ್ಣಾರೆ ನೋಡಿದೀನಿ, ಬೀಗ ಬೇಡ” ಎಂದರು. ಬೇಲಿ ಹೊಲಿದರು. ಗೇಟು ರಜೆಯಲ್ಲೂ ತೆರೆದೇ ಇತ್ತು.

ಇಷ್ಟೆಲ್ಲ ನೆನಪಾಗಿ, ಮೊನ್ನೆ ಮಾರುಕಟ್ಟೆಯಿಂದ ನೇರ ಆ ಪಾರ್ಕಿಗೇ ಆಟೋ ಹಿಡಿದೆ. ಭಾನುವಾರ. ಬೆಂಚುಗಳೆಲ್ಲ ತುಂಬಿದ್ದವು. ಹುಲ್ಲಿನ ಮೇಲಿದ್ದ ಒಬ್ಬ ತರುಣಿ ಸರಿದು ಜಾಗ ಮಾಡಿ, “ಬರ್ರಿ, ಕುಂದರ್ರಿ. ಯಾವೂರು ನಿಮ್ದು?” ಎಂದಳು.

“ಇಲ್ಲೇ, ಎರಡು ರಸ್ತೆ ಆಚೆ.”

“ಹೌದಾ? ಹಂಗಾರ ದಿನಾ ಬರಬೌದಲ್ರಿ ನೀವು!”

ಅಲ್ಲಿಗೆ ಕಾಲಿಟ್ಟು ಎಷ್ಟು ವರ್ಷವಾಯಿತೆಂದು ಆಕೆಗೆ ಹೇಳುವ ಧೈರ್ಯವಾಗಲಿಲ್ಲ. “ಬರ್ತೀನಿ” ಎಂದೆ. ಈ ಬೆಳಿಗ್ಗೆಯೂ ಹೋಗಿ ಬಂದೆ.