ಉಪವಾಸ ಹೊರಟ ಸಕ್ಕರ್ ಮೀನು

ಪಾತಮ್ಮನ ಮನೆಯಿಂದ ಯಾರೂ ಬರಿಹೊಟ್ಟೆಯಲ್ಲಿ ಹೊರಡುವಂತಿಲ್ಲ. ಚಳ್ಳಕೆರೆಯ ಆ ಮನೆಗೆ ಕರೆಂಟ್ ಬಿಲ್ ಕೊಡಲು ಬಂದವನೂ ನಾಲ್ಕು ತುತ್ತು ಉಂಡೇ ಏಳಬೇಕು. ಗಂಡ ಕುರಿಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗುತ್ತಿದ್ದ ಕಾಲದ ರೂಢಿ ಅದು. ಅದನ್ನು ಮುರಿದವಳು ಮಗಳು ರೂಪ ಒಬ್ಬಳೇ. ಆರು ವರ್ಷದ ಹಿಂದೆ, ಮೆಚ್ಚಿದವನನ್ನೇ ಮದುವೆಯಾಗುತ್ತೇನೆ ಅಂದಳು. ಪಾತಮ್ಮ ಬಾಯಿಗೆ ಬಂದಂತೆ ಬೈದಳು. ಮಗಳು ತಟ್ಟೆ ತಳ್ಳಿ ಎದ್ದವಳು ಕರ್ನೂಲಿನಲ್ಲಿ ಸಂಸಾರ ಹೂಡಿದಳು. ಅಣ್ಣನಿಗೆ ಫೋನ್ ಮಾಡುತ್ತಾಳೆ, ಅವ್ವನಿಗಿಲ್ಲ.

ಅವಳು ಬಿಟ್ಟುಹೋದದ್ದು ಗಾಜಿನ ತೊಟ್ಟಿಯಲ್ಲಿದ್ದ ಒಂದು ಸಕ್ಕರ್ ಮೀನು. ಕ್ಯಾಟ್‌ಫಿಶ್ ಜಾತಿಯದು. ಆಗ ಬೆರಳುದ್ದ, ಈಗ ಗೇಣುದ್ದ. ದಿನವಿಡೀ ಗಾಜು ನೆಕ್ಕುವುದೇ ಅದರ ಕಸುಬು. "ಏನೇ ಕರಿಮೂತಿ, ನಿನ್ನ ಯಜಮಾನಿಗೆ ನನ್ನ ನೆನಪೇ ಬರಲ್ವೇನೇ?" ಎಂದು ಪಾತಮ್ಮ ಅದನ್ನೇ ವಿಚಾರಿಸಿಕೊಳ್ಳುತ್ತಿದ್ದಳು.

ಈಗ ರೂಪ ಅದನ್ನೂ ಕಳಿಸಿಕೊಡು ಎಂದು ಅಣ್ಣನನ್ನು ಕೇಳಿದ್ದಳು. ಅಣ್ಣ ಮುತ್ತುರಾಜನದು ಬಣ್ಣದ ಮೀನಿನ ಅಂಗಡಿ, ಮೀನು ಕಳಿಸುವುದು ಅವನಿಗೆ ದಿನದ ಕೆಲಸ.

"ಅವ್ವ, ಎರಡು ದಿನ ಇದಕ್ಕೇನೂ ಹಾಕ್ಬೇಡ. ತಿಂದು ಹೋದ್ರೆ ಕವರ್‌ನಾಗೆ ಗಲೀಜು ಮಾಡಿ, ಅದೇ ನೀರಾಗೆ ಸಾಯ್ತೈತೆ."

ಎರಡನೆಯ ದಿನ ಮುತ್ತುರಾಜ ಪ್ಲಾಸ್ಟಿಕ್ ಕವರ್ ಹಿಡಿದು ಬಂದು ನೋಡಿದರೆ, ತೊಟ್ಟಿಯ ತಳದಲ್ಲಿ ಮೀನು ಮೆದ್ದು ಉಳಿಸಿದ ಸೌತೆಕಾಯಿ ಸಿಪ್ಪೆ!

"ಅಲ್ಲವ್ವ, ಬಡ್ಕೊಂಡು ಹೇಳಿದ್ನಲ್ಲ!"

"ಏನ್ಲಾ ಮಾಡ್ಲಿ? ಉಪವಾಸ ಹೋದೋಳು ಒಬ್ಬಳು ತಿರುಗಿ ಬರ್ಲಿಲ್ಲ. ಇದನ್ನೂ ಹಂಗೇ ಕಳಿಸ್ಲಾ?"

ಮುತ್ತುರಾಜ ನೀರು ಬದಲಾಯಿಸಿ, ಪಾರ್ಸೆಲ್ಲನ್ನು ಮತ್ತೆರಡು ದಿನ ಮುಂದಕ್ಕೆ ಹಾಕಿದ. ಆ ಎರಡು ದಿನವೂ ಪಾತಮ್ಮ ಮುದ್ದೆ ಮುಟ್ಟಲಿಲ್ಲ. "ಅದು ಹಸ್ಕೊಂಡಿರುವಾಗ ನನ್ನ ಗಂಟಲಾಗೆ ಇಳಿಯಾದಿಲ್ಲ" ಎಂದು ಬರೀ ಚಹಾ ಕುಡಿದು ಕೂತಳು. ಹಟಮಾರಿ ಹೆಂಗಸು, ಹೇಳಿ ಪ್ರಯೋಜನವಿಲ್ಲ.

ಕೊನೆಗೆ ಮೀನು ಹೊರಟಿತು. ರೆಕ್ಕೆಯ ಮುಳ್ಳು ಚುಚ್ಚಿ ನೀರು ಸೋರದಿರಲೆಂದು ಮುತ್ತುರಾಜ ಕವರಿನ ಮೇಲೆ ಕವರ್ ಹಾಕಿ, ನಡುವೆ ಪೇಪರ್ ಸುತ್ತಿದ. ಒಳಗೆ ಸ್ವಲ್ಪ ನೀರು, ಉಳಿದ ಜಾಗಕ್ಕೆಲ್ಲ ಆಕ್ಸಿಜನ್. ರಬ್ಬರ್ ಬ್ಯಾಂಡ್ ಬಿಗಿದು ಥರ್ಮಕೋಲ್ ಡಬ್ಬಿಯಲ್ಲಿಟ್ಟ. ಪಾತಮ್ಮ ಮುಚ್ಚಳದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಮಗಳದು ಅಂತ ಆ ಮನೆಯಲ್ಲಿ ಉಳಿದಿದ್ದುದು ಅದೊಂದೇ. ಮಗನೇ ಮೆಲ್ಲಗೆ ಕೈ ಸರಿಸಿ ಟೇಪ್ ಅಂಟಿಸಿದ.

ಮಾರನೆಯ ದಿನ ಫೋನ್ ಬಂತು. "ಅಣ್ಣ, ಮೀನು ಚೆನ್ನಾಗೈತೆ. ಆಗಲೇ ಗಾಜು ನೆಕ್ತಾ ಐತೆ."

ಪಾತಮ್ಮ ಮಗನ ಕೈಯಿಂದ ಫೋನ್ ಕಿತ್ತುಕೊಂಡಳು. ಆರು ವರ್ಷದಿಂದ ಏನೇನೋ ಹೇಳಬೇಕೆಂದುಕೊಂಡಿದ್ದಳು, ಒಂದೂ ನೆನಪಾಗಲಿಲ್ಲ.

"ಮೀನಿಂದು ಬಿಡೇ. ಅವತ್ತು ಉಣ್ದೆ ಎದ್ದು ಹೋದ್ಯಲ್ಲ, ಯಾವತ್ತು ಬಂದು ಉಣ್ತೀಯಾ?"

ಅತ್ತ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಏನ್ ಸಾರು ಮಾಡಿರ್ತೀಯವ್ವ?" ಎಂದಳು ರೂಪ.