ಎಡಗೆನ್ನೆಗೆ ಹಚ್ಚಿದ ಸೊಪ್ಪು

ನಮ್ಮ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಈಗ ಚಟ್ನಿ ಅರೆಯುವಂತಿಲ್ಲ. ಅರೆದರೆ ದೋಸೆಗೆ ಬೇವಿನ ಕಹಿ ಹತ್ತುತ್ತದೆ. ಶಿಕಾರಿಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿರುವ ಮೊಮ್ಮಗಳು ಸ್ಪಂದನಾ ತನ್ನ ಮೊಡವೆಗಳ ಶುಶ್ರೂಷೆಗೆಂದು ಅದನ್ನು ವಶಪಡಿಸಿಕೊಂಡಿದ್ದಾಳೆ. ಬೇವು, ಲೋಳೆಸರ, ತುಳಸಿ, ಅರಿಶಿನ ಎಲ್ಲವೂ ಆ ಜಾರನ್ನು ಹೊಕ್ಕು, ಅವಳ ಕೆನ್ನೆಯ ಮೇಲೆ ಒಣಗಿ ಉದುರಿದವು. ಮೊಡವೆಗಳು ಮಾತ್ರ ಉಪಚಾರಕ್ಕೆ ಒಗ್ಗಿದ ನೆಂಟರಂತೆ ಏಳುವ ಲಕ್ಷಣವನ್ನೇ ತೋರಲಿಲ್ಲ.

ವಿಧಿಯ ಸೆನ್ಸ್ ಆಫ್ ಹ್ಯೂಮರ್ ನೋಡಿ! ಕಾಲೇಜಿನ ಸೆಮಿನಾರಿಗೆ ಚೀಟಿ ಎತ್ತಿದಾಗ ಅವಳಿಗೇ ಬಂದ ವಿಷಯ, ಮೊಡವೆಗೆ ಸಸ್ಯಸಾರಗಳ ಚಿಕಿತ್ಸೆ.

"ಈ ಮುಖ ಇಟ್ಕೊಂಡು ಅದನ್ನ ಹೇಳಾಕ್ ನಿಂತ್ರೆ ಎಲ್ಲಾ ನಗ್ತಾರಜ್ಜಿ. ಸೆಮಿನಾರೂ ಬ್ಯಾಡ, ಕಾಲೇಜೂ ಬ್ಯಾಡ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಸೆಮಿನಾರಿಗೆಂದು ಅವಳು ತಂದಿಟ್ಟ ಸಂಶೋಧನಾ ಪೇಪರುಗಳನ್ನು ನಾನೂ ಓದಿದೆ. ಇಂಗ್ಲಿಷ್ ನನಗೆ ಕಾನ್ವೆಂಟಿನ ಸಿಸ್ಟರುಗಳು ಬೆತ್ತದ ಜೊತೆಗೆ ಕೊಟ್ಟ ಬಳುವಳಿ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ಸಾರ ಬ್ಯಾಕ್ಟೀರಿಯಾವನ್ನು ತಡೆಯಿತು, ಮನುಷ್ಯರ ಚರ್ಮದ ಮೇಲೆ ಹೇಗೋ ತಿಳಿಯದು, ಆದರೂ ಪೊಟೆನ್ಶಿಯಲ್ ಇದೆ ಎನ್ನುತ್ತವೆ ಅವು. ನನ್ನ ರಿಪೋರ್ಟ್ ಕಾರ್ಡಿನಲ್ಲೂ ವರ್ಷವರ್ಷವೂ ಅದೇ ಮಾತಿರುತ್ತಿತ್ತು. ಮದುವೆಯಾಗಿ, ಈ ಊರು ಸೇರಿ, ಕೂದಲು ನರೆತ ಮೇಲೂ ಅದು ಯಾತಕ್ಕಿದ್ದ ಪೊಟೆನ್ಶಿಯಲ್ಲೋ ನನಗೆ ತಿಳಿದಿಲ್ಲ.

ಕೊನೆಗೆ ಅವಳನ್ನು ಸೊರಬದ ಕಡೆಯ ಕುಪ್ಪಗಡ್ಡೆಗೆ ಕರೆದೊಯ್ದೆ. ಅಲ್ಲಿರುವ ನನ್ನ ನಾದಿನಿ ಗೌರಮ್ಮ ಹಸಿರೌಷಧಿ ಕೊಡುತ್ತಾಳೆ. ಯಾವ ಸೊಪ್ಪೆಂದು ಗುರುತು ಸಿಗಬಾರದೆಂದು ಹಿತ್ತಲಲ್ಲೇ ಅರೆದು ತಂದಳು.

"ಇದರ ಹೆಸರೇನು ಚಿಕ್ಕಜ್ಜಿ? ಸ್ಲೈಡಿಗೆ ಹಾಕ್ಬೇಕು."

"ಹೆಸ್ರು ಹೇಳಿರೆ ಗುಣ ಹೋಗ್ತದೆ ಮಾರಾಯ್ತಿ. ನಮ್ಮನೆ ಕುರಿಗೂ ಇದನ್ನೇ ಹಚ್ಚದು. ಅದು ಹೆಸ್ರು ಕೇಳ್ತದಾ?"

"ಕುರಿಗೆ ಸೆಮಿನಾರ್ ಇರಲ್ವಲ್ಲ!"

ಔಷಧಿ ಪಡೆದವರು "ಹೋಗಿ ಬರ್ತೀವಿ" ಎನ್ನಬಾರದು, ಎಂದರೆ ರೋಗವೂ ಮರಳಿ ಬರುತ್ತದೆ, ಉಪಕಾರ ಸ್ಮರಿಸಲೂಬಾರದು. ನಾನು ಅಭ್ಯಾಸಬಲದಿಂದ "ಥ್ಯಾಂಕ್" ಎಂದವಳು ಉಳಿದರ್ಧವನ್ನು ನುಂಗಿಕೊಂಡೆ. ಹೆಸರು ಗೊತ್ತಿಲ್ಲದ್ದನ್ನು ನಂಬಬೇಡ ಎಂದಿದ್ದರು ಸಿಸ್ಟರು. ಹೆಸರು ಹೇಳಿದರೆ ಫಲಿಸದು ಎನ್ನುತ್ತಾಳೆ ಗೌರಮ್ಮ. ಇಬ್ಬರಿಗೂ ತಲೆಯಾಡಿಸುತ್ತಲೇ ಮುದುಕಿಯಾದ ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಾರ ಕಡೆಗೆ ವಾಲಲಿ, ನೀವೇ ಹೇಳಿ.

ಸ್ಪಂದನಾ ಆ ಸೊಪ್ಪನ್ನು ಮೊದಲು ಮುಂಗೈಗೆ ಹಚ್ಚಿ, ಉರಿಯದೆಂದು ಖಾತ್ರಿಯಾದ ಮೇಲೆ ಎಡಗೆನ್ನೆಗೆ ಮಾತ್ರ ಹಚ್ಚಿದಳು. ಬಲಗೆನ್ನೆ ಹೋಲಿಸಿ ನೋಡಲು ಬಿಟ್ಟ ಕಂಟ್ರೋಲಂತೆ. ಸುದ್ದಿ ಕೇಳಿದ ಗೌರಮ್ಮ ಫೋನಿನಲ್ಲೇ ಸಿಡಿದಳು: "ಅರ್ಧ ಮುಖಕ್ಕೆ ಔಷಧಿಯಾ? ಅರ್ಧ ನಂಬಿಕೆಗೆ ಅರ್ಧ ಗುಣ ಕಾಣ್!" ನನಗೋ ಕನ್ನಡಕ ಹಾಕಿದರೆ ಎಡಗೆನ್ನೆ ತಿಳಿಯಾದಂತೆ, ತೆಗೆದರೆ ಎರಡೂ ಒಂದೇ.

ಸೆಮಿನಾರಿನ ಬೆಳಿಗ್ಗೆ ಅವಳೇ ಚೀಲ ಹೆಗಲಿಗೇರಿಸಿ ಹೊರಟಾಗ ಬೆರಗಾದೆ. "ಹೆಸರಿಲ್ಲ, ಸ್ಲೈಡಿಲ್ಲ, ಏನ್ ತೋರಿಸ್ತೀಯೇ?" ಎಂದರೆ "ಮುಖ" ಎಂದಳು.

ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಸೊಪ್ಪು ಹಚ್ಚಿದ ಕೆನ್ನೆ ಯಾವುದು ಹೇಳ್ರಪ್ಪಾ ಎಂದು ಕ್ಲಾಸಿಗೇ ಕೇಳಿದಳಂತೆ. ಅರ್ಧ ಜನ ಎಡವೆಂದರು, ಅರ್ಧ ಜನ ಬಲವೆಂದರು, ಲೆಕ್ಚರರು ಹತ್ತಿರ ಬಂದು ಕಣ್ಣು ಕಿರಿದಾಗಿಸಿ ನೋಡಿ ಕೈಚೆಲ್ಲಿದರು.

"ನಗಲಿಲ್ವಾ?"

"ನಕ್ರು. ನಾನೂ ನಕ್ಕೆ. ಎಲ್ರೂ ಅಷ್ಟೊತ್ತು ನನ್ ಮುಖಾನೇ ನೋಡಿದ್ರಜ್ಜಿ..." ಎಂದವಳು ತಟ್ಟನೆ ನಿಂತು, ತಾನು ಮುಖ ಮುಚ್ಚಿಕೊಳ್ಳಲೇ ಇಲ್ಲವೆಂದು ಆಗಷ್ಟೇ ತಿಳಿದವಳಂತೆ ಎರಡೂ ಕೆನ್ನೆ ಮುಟ್ಟಿಕೊಂಡಳು.

ಮರುದಿನ ಅವಳು ಏನನ್ನೂ ಹಚ್ಚಿಕೊಳ್ಳದೆ, ಮೊಡವೆಗಳ ಸಮೇತ ಕಾಲೇಜಿಗೆ ಓಡಿದಳು. ಬೆನ್ನಿಗೇ ಗೌರಮ್ಮನ ಫೋನು: "ಗುಣ ಆಯ್ತಾ?"

"ಆಯ್ತು" ಎಂದೆ. ಏನು ಗುಣವಾಯಿತು ಎಂದು ಅವಳು ಕೇಳಲಿಲ್ಲ.